ಸೊಂಟಕ್ಕೆ ಸಿಕ್ಕಿಸಿದ ಕವರು

1991ರಲ್ಲಿ, ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟು, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಗೋಡೆ ಕಟ್ಟುವ ಒಬ್ಬ ಗವಂಡಿ ಉಸ್ತಾದರ ಕೈಕೆಳಗೆ ನಿಂತೆ. ಅವರ ಮೊದಲ ಶಿಷ್ಯ ನಾನು. ನಾನು ಕಟ್ಟಿದ ಗೋಡೆಗೆ ಅವರು ನೇರ ಅಳೆಯುವ ದಾರದ ಗುಂಡು ಇಳಿಬಿಟ್ಟು ನೋಡುತ್ತಿರಲಿಲ್ಲ. ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು. ಯಾವ ಉಸ್ತಾದರು ತೀರಿಕೊಂಡರೂ, ಮಣ್ಣು ಕೊಟ್ಟಾದ ಮೇಲೆ, ಮಣ್ಣಿಗೆ ಬಂದ ಶಿಷ್ಯರಲ್ಲಿ ಹಿರಿಯನ ಕೈಗೆ ಅವರ ಗಾರೆ ಎಳೆಯುವ ಕರಣೆಯನ್ನು ಮನೆಯವರು ಇಡುವುದು ನಮ್ಮವರ ಪದ್ಧತಿ. ಆ ಕರಣೆ ನನ್ನದೆಂದೇ ನಂಬಿದ್ದೆ.

ಎರಡು ವರ್ಷದ ಮೇಲೆ ನಮ್ಮೂರಿನವನೇ ಇನ್ನೊಬ್ಬ ಶಿಷ್ಯನಾಗಿ ಬಂದ. ಅವನ ಗೋಡೆಗೆ ಗುಂಡು ಬೇಕೇ ಬೇಕು.

ಮುಂದೆ ಇಬ್ಬರೂ ಬಸವಕಲ್ಯಾಣಕ್ಕೆ ಮರಳಿ ಅಲ್ಲೇ ಕೆಲಸ ಹಿಡಿದೆವು. ಉಸ್ತಾದರು ಹುಮನಾಬಾದಿನಿಂದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸುವರು. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಂಡಕ್ಟರ್ ಮೊದಲು ಕೂಗುವುದು ನನ್ನ ಹೆಸರು. 2004ರಲ್ಲಿ ಆ ಕಿರಿಯ ಶಿಷ್ಯ ಮೊಬೈಲು ಕೊಂಡ. ಅಂದಿನಿಂದ ಕೆಲಸದ ಸುದ್ದಿ, ಮದುವೆಯ ದಾವತ್ತು, ಎಲ್ಲ ಅವನ ಜೇಬಿಗೇ ಬರತೊಡಗಿತು.

"ಯಾರ್ದೋ ಫೋನು?" ಎಂದು ಒಮ್ಮೆ ಚಹಾ ಕುಡಿಯುತ್ತ ಕೇಳಿದೆ.

"ಉಸ್ತಾದ್ರದು. ನಿನ್ನ ಕೇಳಾಕತ್ತಿದ್ರು. ಆರಾಮ ಅದಾನಂತ ಹೇಳೀನಿ."

ನನ್ನ ಆರಾಮ ಹೇಳಲು ಇವನ್ಯಾರು? ಅರ್ಧ ಚಹಾ ಬಿಟ್ಟು ಎದ್ದೆ.

ಮೊಬೈಲು ಕೊಳ್ಳುವಷ್ಟು ದುಡ್ಡಿರಲಿಲ್ಲ. ಸಂತೆಯಲ್ಲಿ ಅದರ ಕರಿ ಕವರು ಕೊಂಡು, ಒಳಗೆ ಬೆಂಕಿಪೊಟ್ಟಣ ಇಟ್ಟು, ಬೆಲ್ಟಿಗೆ ಸಿಕ್ಕಿಸಿದೆ. ಹುಮನಾಬಾದಿಗೆ ಹೋದಾಗ ಉಸ್ತಾದರ ಮಗ ನಂಬರು ಕೇಳಿದ.

"ಹೊಸಾದದ, ಇನ್ನಾ ಬಾಯಿಪಾಠ ಆಗಿಲ್ಲ," ಎಂದೆ.

"ಶಾಬಾಸ್ ಬೇಟಾ," ಎಂದು ಉಸ್ತಾದರು ನಕ್ಕರು. ಅವರನ್ನು ಕೊನೆಗೆ ಕಂಡದ್ದು ಅಂದೇ.

ಆ ಮಳೆಗಾಲ, ಒಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ಅವನ ಚೀಲದಿಂದ ಒಂದು ಕರಣೆಯ ಹಿಡಿಕೆ ಹಣಕುತ್ತಿತ್ತು. ಉಸ್ತಾದರ ಹೆಬ್ಬೆರಳು ಸವೆಸಿದ ಗುಳಿ ಅದರಲ್ಲಿತ್ತು.

"ನಿನ್ನೆ ಮಣ್ಣಿಗೆ ಯಾಕ ಬರ್ಲಿಲ್ಲೋ? ಎಲ್ಲಾರೂ ನಿನ್ನ ದಾರಿ ನೋಡಿದ್ರು."

"ನನಗ ಯಾರ್ ಹೇಳ್ಯಾರ?"

"ಅವ್ರ ಮಗ ನನಗ ಫೋನ್ ಮಾಡಿ, ನಿನಗ ಕಂಡಕ್ಟರ್ ಕಡಿ ಹೇಳಿಕಳಸ್ತೀನಂದ. ಸೊಂಟಕ್ಕ ಮೊಬೈಲ್ ಕಟ್ಕೊಂಡು ತಿರುಗೋ ಸಾಹೇಬಗ ಕಂಡಕ್ಟರ್ ಯಾಕ ಅಂದೆ. ನಿನ್ನ ನಂಬರ್ ನನ್ನ ಕಡಿ ಅದ ಅಂತ ಅಂವ ತಿಳ್ಕೊಂಡ, ಅವನ ಕಡಿ ಅದ ಅಂತ ನಾ ತಿಳ್ಕೊಂಡೆ."

ಕವರು ಬಿಚ್ಚಿ ಬೆಂಕಿಪೊಟ್ಟಣ ತೋರಿಸಿ, ಆ ಕರಣೆ ನನಗೆ ಕೊಡು ಎನ್ನಬಹುದಿತ್ತು. ಕೊಡುತ್ತಿದ್ದನೇನೋ.

"ಚಾರ್ಜ್ ಇರ್ಲಿಲ್ಲ," ಎಂದೆ.

ಇಂದಿಗೂ ಅವನು ಅದೇ ಕರಣೆಯಿಂದ ಗಾರೆ ಎಳೆಯುತ್ತಾನೆ, ಗೋಡೆಗೆ ಇಂದಿಗೂ ಗುಂಡು ಬಿಡುತ್ತಾನೆ. ನನ್ನ ಹತ್ತಿರ ಈಗ ಮೊಬೈಲು ಎರಡು, ಕರಣೆ ನಾಲ್ಕು, ಗುಂಡು ಒಂದು, ಖಾಲಿ ಕವರು ಒಂದು.