ನಡುಗಬೇಕಾದ ಒಂಬತ್ತು ಹಕ್ಕಿಗಳು

ಮೂರು ವರ್ಷದ ಹಿಂದೆ ಕೋಲ್ಕತ್ತದ ಕಸ್ಬಾದಲ್ಲಿರುವ ಖಾಸಗಿ ಕಾರ್ಯಾಗಾರವೊಂದರಲ್ಲಿ ನಾನು ಕಿರಿಯ ಕನ್ಸರ್ವೇಟರ್ ಆಗಿದ್ದೆ. ಹಳೆಯ ಲೋಹದ ವಸ್ತುಗಳು ಇನ್ನಷ್ಟು ಹಾಳಾಗದಂತೆ ಕಾಪಾಡುವುದು ನಮ್ಮ ಕೆಲಸ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು, "ಪುರಾವೆ ಎಲ್ಲಿ?" ಎಂದು ಕೇಳದೆ ಯಾರ ಮಾತನ್ನೂ ಒಪ್ಪುತ್ತಿರಲಿಲ್ಲ. ಅದು ಒಳ್ಳೆಯ ಗುಣವೆಂದು ಈಗಲೂ ವಾದಿಸಬಲ್ಲೆ. ಆದರೂ ಅಲ್ಲಿ ಒಂದು ವಾರ ಮನೆತನವೊಂದರ ಒಡವೆ ನನ್ನ ಕೈಯಲ್ಲೇ ಕೆಡುವುದರಲ್ಲಿತ್ತು.

ಒಡವೆ ಲಾನ್ ಎಂಬ ಸಂಶೋಧನಾ ವಿದ್ಯಾರ್ಥಿನಿಯದು. ಆಕೆ ಚೀನಾದ ಮಿಯಾವ್ ಸಮುದಾಯದವಳು. ಹಬ್ಬ, ಮದುವೆಗಳಲ್ಲಿ ಅಲ್ಲಿಯ ಹೆಂಗಸರು ತುರುಬಿನ ತುಂಬ ಬೆಳ್ಳಿ ಮುಡಿಯುತ್ತಾರೆ. ಅವಳು ತಂದದ್ದು ಅಜ್ಜಿಯ ಗೇಣುದ್ದದ ಹೇರ್‌ಪಿನ್ನು. ಅದರ ತಲೆಯ ಮೇಲೆ ಒಂಬತ್ತು ಪುಟ್ಟ ಹಕ್ಕಿಗಳು, ಒಂದೊಂದೂ ಕೂದಲೆಳೆಯಂಥ ಬೆಳ್ಳಿ ತಂತಿಯ ಸುರುಳಿಯ ಮೇಲೆ. ಒಂದು ಹಕ್ಕಿ ಮುರಿದು ಬಿದ್ದಿತ್ತು.

"ತಂಗಿಯ ಮದುವೆಗೆ ಇದೇ ಬೇಕು. ಶನಿವಾರ ನನ್ನ ವಿಮಾನ. ಅದೊಂದನ್ನು ಕೂರಿಸಿಕೊಡಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹೋದಳು. ಆ ಪತ್ರದಲ್ಲಿ "ಅಗತ್ಯವಿದ್ದಲ್ಲಿ ಬಲಪಡಿಸಬಹುದು" ಎಂಬ ಸಾಲೊಂದಿತ್ತು. ನನಗೆ ಅಷ್ಟೇ ಸಾಕಾಯಿತು. ಉಳಿದ ಎಂಟೂ ಉಸಿರು ತಾಗಿದರೆ ನಡುಗುತ್ತಿದ್ದವು. "ಎಲ್ಲ ಕೀಲುಗಳೂ ಸಡಿಲ, ಸುರುಳಿಗಳಿಗೆ ರೆಸಿನ್ ತುಂಬುವುದು" ಎಂದು ವರದಿ ಬರೆದೆ. ರೆಸಿನ್ ಎಂದರೆ ಎರಡು ದ್ರವ ಬೆರೆಸಿದರೆ ಅರ್ಧ ಗಂಟೆಯಲ್ಲಿ ಕಲ್ಲಾಗುವ ಅಂಟು. ಸುರುಳಿಯೊಳಗೆ ಇಳಿದರೆ ತೆಗೆಯುವುದು ಅಸಾಧ್ಯವೆಂದೇ ಹೇಳಬೇಕು.

ಗುರುವಾರ ಮಧ್ಯಾಹ್ನ ಅಂಟು ಕಲಸುತ್ತಿದ್ದಾಗ ನಿಮಾಯ್‌ದಾ ಬಂದರು. ಕಾಳಿಘಾಟ್‌ನ ಬೆಳ್ಳಿ ಕುಶಲಕರ್ಮಿ. ಬಂಗಾಳದ ರೂಢಿಯಂತೆ ನನಗೆ ಅವರು 'ದಾ', ಅಂದರೆ ಅಣ್ಣ; ಅವರಿಗೆ ನಾನು 'ದಿದಿ', ಅಕ್ಕ. ತಂತಿ ಕೆಲಸಕ್ಕೆಂದು ವಾರಕ್ಕೆರಡು ದಿನ ನಮ್ಮಲ್ಲಿಗೆ ಬರುತ್ತಿದ್ದರು.

"ದಿದಿ, ಎಂಟು ಚೆನ್ನಾಗಿವೆಯಲ್ಲ. ಅವಕ್ಕೆ ಯಾಕೆ ಔಷಧಿ?"

"ಅಲ್ಲಾಡ್ತಿವೆ."

"ಅಲ್ಲಾಡಲಿ ಅಂತಾನೇ ಮಾಡಿದ್ದಾರೆ."

"ಪುರಾವೆ? ಮಿಯಾವ್ ಒಡವೆ ಹಿಂದೆ ನೋಡಿದೀರಾ?"

"ಇಲ್ಲ. ತಂತಿ ನೋಡಿದೀನಿ. ಅಲುಗಬಾರದು ಅನ್ನೋನು ದಪ್ಪ ಕಡ್ಡಿ ಹಾಕ್ತಾನೆ. ಇಷ್ಟು ಸಣ್ಣಗೆ ಎಳೆದು ಏಳು ಸುತ್ತು ಸುತ್ತೋಕೆ ಅವನಿಗೇನು ಹುಚ್ಚೇ?"

"ಅದು ಊಹೆ, ನಿಮಾಯ್‌ದಾ."

"ಹಾಗಾದ್ರೆ ನಿಮ್ಮ ಯಂತ್ರವನ್ನೇ ಕೇಳಿ. ಬಿದ್ದ ಹಕ್ಕಿಯ ಕಾಲು ನೋಡಿ."

ಅವರ ಬಾಯಿ ಮುಚ್ಚಿಸಲೆಂದೇ ಅದನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಕಾಲಿನ ಸುತ್ತ ಬೂದು ಬಣ್ಣದ ಗಂಟಿತ್ತು. ವರದಿಯಲ್ಲಿ ಅದನ್ನು "ಕಿಲುಬು" ಎಂದಿದ್ದೆ. ಅದು ಕಿಲುಬಲ್ಲ, ಸೀಸದ ಬೆಸುಗೆ. ಹಿಂದೆಂದೋ ಯಾರೋ ಅದೊಂದೇ ಹಕ್ಕಿಯನ್ನು ಅಲುಗದಂತೆ ಬಿಗಿದಿದ್ದರು. ತಂತಿ ತುಂಡಾದದ್ದು ಸರಿಯಾಗಿ ಆ ಬೆಸುಗೆಯ ಅಂಚಿನಲ್ಲಿ. ಉಳಿದ ಎಂಟರ ರೆಕ್ಕೆಯ ತುದಿಗಳು ಒಂದಕ್ಕೊಂದು ತಾಗಿ ಸವೆದು ಹೊಳೆಯುತ್ತಿದ್ದವು. ಅಷ್ಟು ಕಾಲ ನಡುಗಿಯೂ ಅವು ಮುರಿದಿರಲಿಲ್ಲ. ಗಟ್ಟಿ ಮಾಡಿದ್ದೇ ಮುರಿದಿತ್ತು.

ಇಷ್ಟರಲ್ಲಿ ನಾನು ಬಟ್ಟಲಲ್ಲಿ ಕಲಸಿಟ್ಟಿದ್ದ ರೆಸಿನ್, ಕಲಸುವ ಕಡ್ಡಿಯ ಸಮೇತ, ಕಲ್ಲಾಗಿತ್ತು.

ನಿಮಾಯ್‌ದಾ ಹೊಸ ತಂತಿ ಎಳೆದು, ಏಳೇ ಸುತ್ತು ಸುತ್ತಿ, ಎರಡು ತುದಿಗಳನ್ನು ಮಾತ್ರ ಬೆಸೆದರು. ಶನಿವಾರ ಬೆಳಿಗ್ಗೆ ಲಾನ್ ಪಿನ್ನನ್ನು ಮುಡಿದು, ಕನ್ನಡಿಯ ಮುಂದೆ ಬೇಕೆಂದೇ ತಲೆ ಕುಣಿಸಿದಳು. ಒಂಬತ್ತೂ ನಡುಗಿದವು. "ಅಜ್ಜಿ ನಡೆದರೆ ಹೀಗೇ! ನನ್ನ ತಂಗಿಯಂತೂ ಒಂದು ನಿಮಿಷ ನೆಟ್ಟಗೆ ನಿಲ್ಲುವವಳಲ್ಲ," ಎಂದು ನಗುತ್ತ ಕಣ್ಣೊರೆಸಿಕೊಂಡಳು.

ಎಲ್ಲರನ್ನೂ ಪುರಾವೆ ಕೇಳುತ್ತಿದ್ದವಳು ನನ್ನ ವರದಿಯನ್ನು ಮಾತ್ರ ಕೇಳಿರಲಿಲ್ಲ. ಈಗ "ದೋಷ" ಎಂಬ ಕಾಲಂ ತುಂಬುವ ಮೊದಲು, ಮಾಡಿದವರು ಇದನ್ನು ಹೀಗೇಕೆ ಮಾಡಿರಬಹುದು ಎಂದು ಕೇಳಿಕೊಳ್ಳುತ್ತೇನೆ. ರೆಸಿನ್ ಕಲ್ಲಾಗಿ ಕೂತ ಆ ಬಟ್ಟಲು ಇಂದಿಗೂ ನನ್ನ ಮೇಜಿನ ಮೇಲಿದೆ.

ರಜೆಗೆ ಧಾರವಾಡದ ಮನೆಗೆ ಹೋದಾಗ ಇದನ್ನು ಹೇಳಿದರೆ ನಮ್ಮವ್ವ, "ನಿನ್ನ ಬಾಯಿ ಮುಚ್ಚಿಸಿದ ಮನಷ್ಯಾ ಅಂದ್ರ ದೊಡ್ಡಾಂವನ ಬಿಡು. ಈ ಕರದಂಟು ಒಯ್ದು ಕೊಡು," ಎಂದಳು. ನಿಮಾಯ್‌ದಾ ಒಂದು ತುಂಡು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು.

"ರುಚಿ ಚೆನ್ನಾಗಿದೆ, ದಿದಿ. ಆದ್ರೆ ನಿಮ್ಮ ಮನೇಲಿ ಎಲ್ಲಾನೂ ಗಟ್ಟಿ ಮಾಡ್ತೀರಾ?"