ಹನ್ನೊಂದೂಕಾಲರ ಮಾಗಡಿ ಬಸ್ಸು

ಬೋರಲಿಂಗಯ್ಯನಿಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಎತ್ತಿ ತೂಕಕ್ಕೆ ಹಾಕುವ ಕೆಲಸ. ವಯಸ್ಸು ಅರವತ್ತೆರಡು. ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲನ್ನೂ ಕಲಿಯಲಿಲ್ಲ. ಊರೊಳಗೆ ನಡೆಯುತ್ತಿದ್ದ. ಊರಾಚೆ ಹೋಗುವುದಾದರೆ ಬಸ್ಸು.

ಬಸ್ಸಿನ ಹೊತ್ತೆಲ್ಲ ಅವನಿಗೆ ಬಾಯಿಪಾಠ. ಗೂಡು ತಂದ ರೈತರು ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿರಲಿಲ್ಲ, ಇವನನ್ನು ಕೇಳುತ್ತಿದ್ದರು.

"ಬೋರಣ್ಣ, ಕನಕಪುರದ ಬಸ್ ಸಿಕ್ಕೀತಾ?"

"ಈಗ್ಲೇ ಓಡಿದ್ರೆ ಸಿಕ್ತದೆ. ಬೀಡಿ ಹಚ್ಕಂಡು ನಿಂತ್ರೆ ಅದರ ಹೊಗೆ ಸಿಕ್ತದೆ."

ಮಾಗಡಿ ಕಡೆಯವರಿಗೆ ಇನ್ನೂ ಒಂದು ಮಾತು ಸೇರಿಸುತ್ತಿದ್ದ. "ಹನ್ನೊಂದೂಕಾಲರ ಪ್ರೈವೇಟ್ ಬಸ್ಸು ಒಳ್ಳೇದೇ. ಆದ್ರೆ ಲಗ್ನದ ದಿನ ನಂಬಬ್ಯಾಡಿ. ಮದುವೆ ಗಿರಾಕಿ ಸಿಕ್ಕಿದ್ರೆ ಅತ್ಲಾಗೆ ಹೊಂಟೋಯ್ತದೆ."

ಅವನಿಗೆ ಇದ್ದವಳು ಒಬ್ಬಳೇ ತಂಗಿ, ಕಾವೇರಮ್ಮ. ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೆ ಕೊಟ್ಟಿದ್ದರು. ಹೆಂಡತಿ ತೀರಿಹೋದ ಮೇಲೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿಬರುತ್ತಿದ್ದ. ಹೋದರೂ ಕಣ್ಣು ಗಡಿಯಾರದ ಮೇಲೆಯೇ. ಉಂಡ ಕೈ ಒಣಗುವ ಮೊದಲೇ ಎದ್ದು ನಿಲ್ಲುತ್ತಿದ್ದ.

"ಬಸ್ಸಿಗೆ ಹೊತ್ತಾಯ್ತು ಕಣವ್ವ."

"ಬಸ್ಸೇನು ನಿನ್ನ ಒಡಹುಟ್ಟಿದ್ದಾ? ಒಸಿ ಕುಂತ್ಕೋ. ಒಂದು ದಿನ ಅದು ಹೋಗ್ಲಿ," ಎನ್ನುತ್ತಿದ್ದಳು.

ಅವನು ಒಂದು ದಿನವೂ ಕೂರಲಿಲ್ಲ.

ವೈಶಾಖದ ಒಂದು ಗುರುವಾರ, ಬೆಳಗಿನ ಎಂಟು ಗಂಟೆಗೆ, ತಂಗಿಯ ಮಗ ನಾಗರಾಜು ಫೋನ್ ಮಾಡಿದ.

"ಮಾವ, ಅವ್ವ ಹೋಗ್ಬುಟ್ಲು. ನಾಲ್ಕು ಗಂಟೇಲಿ ಎದೆನೋವು ಅಂದ್ಲು, ಆಸ್ಪತ್ರೆಗೆ ಎತ್ಕಂಡು ಹೋಗೋಷ್ಟ್ರಲ್ಲಿ..." ಆಮೇಲೆ ಹೇಳಿದ, "ತವರಿನ ಸೀರೆ ನೀನೇ ತರಬೇಕು. ಒಂದೂವರೆಗೆ ರಾಹುಕಾಲ ಶುರುವಾಯ್ತದೆ. ಅಷ್ಟರೊಳಗೆ ಎತ್ತಬೇಕು ಅಂತವ್ರೆ."

ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ. ಆ ತವರಿನಲ್ಲಿ ಉಳಿದವನು ಬೋರಲಿಂಗಯ್ಯ ಒಬ್ಬನೇ.

ಬಟ್ಟೆ ಅಂಗಡಿಯ ಬಾಗಿಲಲ್ಲಿ ಒಂಬತ್ತಕ್ಕೇ ಹೋಗಿ ನಿಂತ. ಹತ್ತಕ್ಕೆ ಷಟರ್ ಎತ್ತಿದರು. ಹಸಿರು ಸೀರೆ ಆರಿಸಿದ. ಅವಳಿಗೆ ಹಸಿರು ಒಪ್ಪುತ್ತಿತ್ತು. ಅರಿಶಿನ, ಕುಂಕುಮ, ಬಳೆ ತೆಗೆದುಕೊಂಡು ರಸ್ತೆಗಿಳಿದಾಗ ಮುಷರಫ್ ಎದುರಾದ. ನೂಲು ಬಿಚ್ಚುವ ಘಟಕ ಇಟ್ಟುಕೊಂಡವನು, ಇಪ್ಪತ್ತು ವರ್ಷದ ಪರಿಚಯ. ವ್ಯಾನಿನ ತುಂಬ ಆಗತಾನೇ ಕೊಂಡ ಗೂಡು.

ಸುದ್ದಿ ಕೇಳಿ ಅವನು ವ್ಯಾನಿನಿಂದ ಇಳಿದುಬಿಟ್ಟ. "ಬೋರಣ್ಣ, ಅರ್ಧ ಗಂಟೆ ತಡಕೋ. ಗೂಡು ಇಳಿಸಿ ಬರ್ತೀನಿ, ಮನೆ ಬಾಗಿಲಿಗೇ ಬಿಡ್ತೀನಿ."

"ಬ್ಯಾಡ ಕಣಪ್ಪ. ಬಿಸಿಲಲ್ಲಿ ನಿನ್ನ ಗೂಡು ಕೆಡ್ತದೆ. ಹನ್ನೊಂದೂಕಾಲರ ಬಸ್ ಐತಲ್ಲ."

"ಇವತ್ತೊಂದು ದಿನ ಬಸ್ಸು ಬಿಡಣ್ಣ."

"ನಂಗೊತ್ತಿಲ್ವಾ? ನಿನ್ನ ವ್ಯಾನಿಗಿಂತ ಮುಂಚೆ ಹೋಯ್ತೀನಿ."

ಹನ್ನೊಂದೂಕಾಲಾಯಿತು. ಹನ್ನೊಂದೂವರೆಯಾಯಿತು. ಬಸ್‌ಸ್ಟ್ಯಾಂಡಿನ ತುಂಬ ಜರತಾರಿ ಸೀರೆಯ ಹೆಂಗಸರು, ಮಲ್ಲಿಗೆ ವಾಸನೆ. ಅದನ್ನು ಕಂಡ ಮೇಲೂ ಅವನಿಗೆ ಹೊಳೆಯಲಿಲ್ಲ. ಕಡಲೆಕಾಯಿ ಮಾರುವವಳೇ ಹೇಳಬೇಕಾಯಿತು.

"ಏನ್ ಬೋರಣ್ಣ, ಎಲ್ರಿಗೂ ಹೇಳೋನು ನೀನೇ ಮರ್ತ್ಯಾ? ಇವತ್ತು ದೊಡ್ಡ ಲಗ್ನ. ಆ ಬಸ್ಸು ಹೆಣ್ಣಿನ ಕಡೆಯೋರ್ನ ತುಂಬ್ಕಂಡು ಬೆಳಿಗ್ಗೇನೇ ಹೋಯ್ತು."

ಮುಷರಫನಿಗೆ ಫೋನ್ ಮಾಡೋಣವೆಂದು ಮೊಬೈಲ್ ತೆಗೆದ. ಅಷ್ಟು ಜಂಬದಲ್ಲಿ ಬೇಡ ಎಂದವನು ಈಗ ಯಾವ ಬಾಯಲ್ಲಿ ಕೇಳುವುದು? ಮೊಬೈಲನ್ನು ಜೇಬಿಗೆ ಇಟ್ಟ. ಮುಂದಿನ ಬಸ್ಸು ಹನ್ನೆರಡೂ ಇಪ್ಪತ್ತಕ್ಕೆ.

ಆ ಬಸ್ಸು ದಾರಿಯಲ್ಲಿ ಕೈ ಒಡ್ಡಿದ ಕಡೆಯೆಲ್ಲ ನಿಂತಿತು. ಒಂದು ಗಂಟೆ ದಾಟಿದಾಗ ನಾಗರಾಜು ಫೋನ್ ಮಾಡಿದ.

"ಎಲ್ಲಿದ್ದೀಯ ಮಾವ?"

"ಬತ್ತಾ ಇವ್ನಿ ಕಣಪ್ಪ. ಇನ್ನೂ ಮಾಗಡಿ ಬಂದಿಲ್ಲ."

ಆ ಕಡೆ ಗುಸುಗುಸು ಕೇಳಿತು. ಯಾರೋ ಹಿರಿಯರು ಬೈಯುತ್ತಿದ್ದರು. ನಾಗರಾಜು ಮೆಲ್ಲಗೆ ಹೇಳಿದ, "ಇವರು ಕೇಳ್ತಿಲ್ಲ ಮಾವ. ಪ್ರತಿಮಾ ಹತ್ರ ಉಡದೆ ಇಟ್ಟಿರೋ ಸೀರೆ ಒಂದೈತೆ. ನಿನ್ನ ಹೆಸರೇಳಿ ಹೊದಿಸ್ಲಾ?"

ಪ್ರತಿಮಾ ನಾಗರಾಜುವಿನ ಹೆಂಡತಿ. ಬೋರಲಿಂಗಯ್ಯ ಕೇಳಿದ, "ಯಾವ ಬಣ್ಣ?"

"ನೀಲಿ."

"ಹೊದಿಸಿ," ಎಂದ.

ಅವನು ಕೆಂಪಾಪುರದ ಹೊಲ ತಲುಪುವಾಗ ಎರಡೂವರೆ. ಗುಂಡಿ ಮುಚ್ಚಿ, ಮಣ್ಣು ತಟ್ಟಿ, ನೀರು ಚಿಮುಕಿಸಿದ್ದರು. ರಸ್ತೆಯಂಚಿನಲ್ಲಿ ನೆಂಟರ ಕಾರುಗಳು, ಎಣಿಸಿದರೆ ಹತ್ತಾದರೂ ಇದ್ದವು. ನಾಗರಾಜು ಓಡಿಬಂದು ಅವನ ತೋಳು ಹಿಡಿದ.

"ಒಂದು ಮಾತು ಅಂದಿದ್ರೆ ಕಾರು ಕಳಿಸ್ತಿದ್ನಲ್ಲ ಮಾವ!"

"ಬಸ್ ಐತೆ ಅಂದ್ಕಂಡೆ ಕಣಪ್ಪ."

ಸತ್ತವರಿಗೆಂದು ತಂದ ಸೀರೆ ವಾಪಸು ಮನೆಗೆ ಹೋಗಬಾರದು, ಬದುಕಿದವರು ಉಡಬಾರದು. ನಾಗರಾಜು ತಲೆಯ ಕಡೆ ಒಂದು ಗೇಣು ಮಣ್ಣು ಕೆದಕಿ ಕೊಟ್ಟ. ಬೋರಲಿಂಗಯ್ಯ ಸೀರೆಯ ಮಡಿಕೆ ಕೆಡದಂತೆ ಅದರಲ್ಲಿ ಇಟ್ಟು, ಮೇಲೆ ಬಳೆ ಇಟ್ಟ. ಕೈಯಲ್ಲೇ ಮಣ್ಣು ಎಳೆದ. ಮಣ್ಣು ಇನ್ನೂ ತಣ್ಣಗಿತ್ತು. ಅವಳ ಮುಖ ಅದರ ಕೆಳಗೆ ಎಷ್ಟು ದೂರದಲ್ಲಿದೆಯೋ.

ಜನ ಸ್ನಾನಕ್ಕೆ ಹೋದರು. ಕಾರುಗಳು ಒಂದೊಂದಾಗಿ ಹೊರಟವು. ಹೊತ್ತು ಇಳಿದ ಮೇಲೆ ನಾಗರಾಜು ಒದ್ದೆ ಬಟ್ಟೆಯಲ್ಲೇ ಬಂದು ನಿಂತ.

"ಮಾವ, ಮಾಗಡಿಗೆ ಕಡೇ ಬಸ್ಸು ತಿರುವಲ್ಲಿ ಬತ್ತಾ ಐತೆ. ಹಾರನ್ ಕೇಳ್ತಾ?"

ಕೇಳಿತು. ಬೋರಲಿಂಗಯ್ಯ ಮಣ್ಣಿನ ಪಕ್ಕದಲ್ಲಿ ಚಕ್ಕಂಬಕ್ಕಲ ಹಾಕಿ ಕೂತಿದ್ದ. ಟವಲ್ಲಿನಿಂದ ಮುಖ ಒರೆಸಿಕೊಂಡ.

"ಹೋಗ್ಲಿ ಬುಡು," ಎಂದ. "ಒಸಿ ಕುಂತ್ಕತೀನಿ."