ಗಂಗಕ್ಕನ ಮೈಕು

ಗಂಗಕ್ಕನ ದನಿ ಹೋಗಿರಲಿಲ್ಲ. ಅದನ್ನು ಇಳಿಸಿದವಳು ನಾನು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ನುಂಗಿಕೊಂಡಿದ್ದ ಮಾತಿದು. ನಮ್ಮ ಕನ್ನಡ ಸಂಘದ ಸಂಚಿಕೆಗೆ ಪ್ರತಿವರ್ಷ ಹಬ್ಬದಡುಗೆಯ ಬಗ್ಗೆ ಬರೆದುಕೊಡುತ್ತಿದ್ದವಳು ಈ ಸಲ ಇದನ್ನು ಬರೆಯುತ್ತಿದ್ದೇನೆ. ಓದುವ ನಿಮ್ಮಲ್ಲಿ ಅನೇಕರು ಆ ದಿನ ಎದುರಿಗೇ ಕೂತಿದ್ದವರು.

ಗಂಗಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಒಂದೇ ಕಾರ್ಖಾನೆ ಸೇರಿ ಲಿಂಗಂಪಲ್ಲಿ ಕಡೆಯ ಕ್ವಾರ್ಟರ್ಸಿನಲ್ಲಿ ಎದುರುಬದುರು ಮನೆಯಲ್ಲಿದ್ದರು. ನಾನು ಇನ್ನೊಂದು ಕಾರ್ಖಾನೆಯಲ್ಲಿ ರೇಡಿಯೊ ಸೆಟ್ಟುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಹಾಡು ನನಗೆ ಬಾರದು, ವೈರು ಬರುತ್ತಿತ್ತು. ಹೀಗಾಗಿ ಮನೆಮೇಳದ ದಿನ ಮೈಕುಗಳ ಯಜಮಾನಿಕೆ ನನ್ನದು.

ಹೊಸಬರಿಗಾಗಿ ಹೇಳುತ್ತೇನೆ. ಜನವರಿಯ ಒಂದು ಭಾನುವಾರ ಕಾಲನಿಯ ಮೈದಾನದಲ್ಲಿ ಶಾಮಿಯಾನ ಹಾಕಿ, ನಮ್ಮ ಕನ್ನಡದ ಮನೆಗಳು ಒಂದೊಂದಾಗಿ ವೇದಿಕೆ ಹತ್ತಿ ಹಾಡುತ್ತಿದ್ದವು. ಒಂದು ಮನೆ, ಒಂದು ಮೇಳ. ಹೊರಗಿನವರನ್ನು ಕರೆತರುವಂತಿರಲಿಲ್ಲ, ಏನೂ ಬಾರದವರು ತಾಳ ಹಿಡಿದಾದರೂ ಕೂರಬೇಕು. ಅಣ್ಣತಮ್ಮಂದಿರ ನಮ್ಮೆರಡು ಮನೆ ಸೇರಿ ಒಂದೇ ಮೇಳ. ಅದರಲ್ಲಿ ಭಾವನವರದು ಹಾರ್ಮೋನಿಯಂ, ನನ್ನ ಗಂಡನದು ತಬಲಾ, ಮಗಳು ಮೇಘಾಳದು ಮ್ಯಾಂಡೊಲಿನ್. ಹಾಡು ಗಂಗಕ್ಕನದು. ಗದಗಿನ ಕಡೆಯ ಬೀಸುವ ಪದಗಳನ್ನು ಅವರು ಗಂಟಲು ಬಿಚ್ಚಿ ಹಾಡಿದರೆ ರೈಲಿಗೆ ಹೊರಟವರೂ ಬೇಲಿಯ ಆಚೆ ನಿಂತು ಕೇಳುತ್ತಿದ್ದರು. ನಾಲ್ಕೈದು ವರ್ಷ ಸತತವಾಗಿ ಮೇಳದ ಮಾತು ಬಂದರೆ ಅವರದೇ ಹೆಸರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲವೇ? ಇತ್ತು. ಮಗಳ ನೆಪ ಹೇಳುವ ಮೊದಲು ಅದನ್ನು ಹೇಳಿಬಿಡಬೇಕು.

ಮೇಘಾ ಆಗ ಹತ್ತನೆಯ ತರಗತಿ. ಕಾಲನಿಯ ಮಕ್ಕಳೆಲ್ಲ ಭಾನುವಾರವೂ ಅಮೀರ್‌ಪೇಟೆಗೆ ಕಂಪ್ಯೂಟರ್ ಕೋರ್ಸಿಗೆ ಓಡುತ್ತಿದ್ದ ಕಾಲ. ಮೇಳಕ್ಕೆ ಬರುವ ಮನೆಗಳೇ ಕಡಿಮೆಯಾಗುತ್ತಿದ್ದವು. ಇವಳೊಬ್ಬಳು ಮ್ಯಾಂಡೊಲಿನ್ ಹಿಡಿದು ಕೂರುತ್ತಿದ್ದಳು — ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ಅವಳ ಕೈ ದೊಡ್ಡ ವಿದ್ವಾಂಸರ ಕೈಯಂತೆಯೇ ಕಾಣುತ್ತಿತ್ತು. ಆ ವರ್ಷ ಮೇಳದ ಬೆಳಿಗ್ಗೆ ಮುಖ ಗಂಟುಹಾಕಿಕೊಂಡು ಅಂದಳು:

"ದೊಡ್ಡವ್ವ ಹಾಡಾಕ ಹತ್ತಿದ್ರ ನಾ ಬಾರಿಸೋದು ಯಾರಿಗೂ ಕೇಳಂಗಿಲ್ಲ ಮಮ್ಮಿ. ನಾ ಯಾಕ ಬಾರಿಸ್ಬೇಕು?"

ನಮ್ಮ ಸರದಿ ಊಟಕ್ಕೆ ಮುಂಚೆ ಬಂತು. ನಾನು ಶಾಮಿಯಾನದ ಹಿಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಿಕ್ಸರ್ ಮುಂದೆ ಕೂತಿದ್ದೆ. ಒಂದೊಂದು ಮೈಕಿಗೆ ಮೇಲೆ ಕೆಳಗೆ ಸರಿಸುವ ಒಂದೊಂದು ಗುಂಡಿ. ಎರಡನೆಯ ಚರಣಕ್ಕೆ ಗಂಗಕ್ಕನ ಗುಂಡಿಯನ್ನು ಸ್ವಲ್ಪ ಇಳಿಸಿದೆ. ಮ್ಯಾಂಡೊಲಿನ್ ಕೇಳಿಸಿತು. ಇನ್ನೂ ಸ್ವಲ್ಪ ಇಳಿಸಿದೆ. ಆಮೇಲೆ — ಕೈ ತಾನಾಗಿ ಹೋಯಿತು ಅಂತ ಬರೆಯಬಹುದಿತ್ತು. ಇಲ್ಲ. ನೋಡಿಕೊಂಡೇ ಪೂರ್ತಿ ತಳಕ್ಕೆ ಎಳೆದೆ.

ವೇದಿಕೆಯ ಮೇಲೆ ಹಾಡುವವರ ಕಡೆ ಮುಖ ಮಾಡಿ ಇಟ್ಟ ಸ್ಪೀಕರಿನಲ್ಲೂ ಅವರ ದನಿ ನಿಂತಿತು. ವಾದ್ಯಗಳ ಸದ್ದಿನ ನಡುವೆ ಗಂಗಕ್ಕನಿಗೆ ತಮ್ಮ ದನಿ ತಮಗೇ ಕೇಳಲಿಲ್ಲ. ಮೈಕಿಗೆ ಹತ್ತಿರ ಸರಿದರು, ಕತ್ತಿನ ನರ ಉಬ್ಬುವಂತೆ ಏರಿಸಿದರು. ಮೂರನೆಯ ಚರಣದ ನಡುವೆ ಗಂಟಲು ಒಡೆಯಿತು. ಕೆಮ್ಮಿದರು, ಸೆರಗು ಬಾಯಿಗಿಟ್ಟುಕೊಂಡು ಹಾಗೇ ಕೂತರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಘಾ ಪದ ಮುಗಿಯುವವರೆಗೂ ಬಾರಿಸಿದಳು, ಚಪ್ಪಾಳೆ ಬಂತು.

ಗಂಗಕ್ಕ ವೇದಿಕೆ ಇಳಿದವರೇ ನೇರ ನನ್ನ ಹತ್ತಿರ ಬಂದರು. ಮುಖ ಬಿಳಿಚಿತ್ತು.

"ಗಿರಿಜಾ, ನನ್ನ ದನಿ ಹೋತಲ್ಲ! ನನಗಽ ಕೇಳಲಿಲ್ಲ. ಮೈಕು ಬರೋಬ್ಬರಿ ಇತ್ತಲ್ಲ?"

ಎಲ್ಲ ಅಲ್ಲಿಗೇ ಮುಗಿಸಬಹುದಿತ್ತು. ವೈರು ಸಡಿಲಾಗಿತ್ತು ಎಂದು ಸುಳ್ಳನ್ನಾದರೂ ಹೇಳಬಹುದಿತ್ತು. ಅವರ ದನಿ ಉಳಿಯುತ್ತಿತ್ತು. ನಾನು ಹೇಳಿದ್ದು ಇದು:

"ಮೈಕು ಬರೋಬ್ಬರಿ ಇತ್ರಿ ಅಕ್ಕಾರ. ವಯಸ್ಸಾತಲ್ರಿ, ಹಂಗಽ ಆಕ್ಕೈತಿ."

ಅವರಿಗಾಗ ನಲವತ್ತಾರು ವರ್ಷ.

ಅಬಿಡ್ಸಿನಲ್ಲಿ ಗಂಟಲಿನ ಡಾಕ್ಟರೊಬ್ಬರ ಹತ್ತಿರ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವಳೂ ನಾನೇ. ಡಾಕ್ಟರು ಬಾಯಿ ತೆರೆಸಿ ನೋಡಿ, ಏನೂ ಆಗಿಲ್ಲ, ದನಿ ಹೋಗಿದೆ ಅಂತ ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಗಂಗಕ್ಕ ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದರು. ಮೊಸರು ಬಿಟ್ಟರು, ಉಪ್ಪುನೀರು ಮುಕ್ಕಳಿಸಿದರು, ಜ್ಯೇಷ್ಠಮಧು ಅಗಿದರು. ಹಾಡಲಿಲ್ಲ. ಮನೆಯಲ್ಲಿ ಸಹ ಗುನುಗಲಿಲ್ಲ. ಮೇಘಾ ಮರುವರ್ಷ ಮ್ಯಾಂಡೊಲಿನ್ ಮೂಲೆಗಿಟ್ಟು ಅಮೀರ್‌ಪೇಟೆಯ ಬಸ್ಸು ಹತ್ತಿದಳು. ನಮ್ಮ ಮನೆಯ ಮೇಳ ಹಾಗೆ ಮುಗಿಯಿತು.

ಹೋದ ತಿಂಗಳು ಮಿಯಾಪುರದ ಅವರ ಮಗನ ಫ್ಲ್ಯಾಟಿಗೆ ಹೋಗಿದ್ದೆ. ಮೊಮ್ಮಗಳು ಶಾಲೆಯ ಕಾರ್ಯಕ್ರಮಕ್ಕೆ ಒಂದು ಪದ ಕಲಿಸು ಎಂದು ಅಜ್ಜಿಯ ಸೆರಗು ಜಗ್ಗುತ್ತಿದ್ದಳು. ಗಂಗಕ್ಕ ನಗುತ್ತಲೇ ಅಂದರು, "ಅಜ್ಜೀ ಗಂಟಲಾ ಸತ್ತು ಭಾಳ ವರ್ಷ ಆತು. ಗಿರಿಜಜ್ಜೀನ್ನ ಕೇಳು, ಆಕೀಗೆ ಗೊತ್ತೈತಿ."

ಆ ಮಗು ನನ್ನ ಕಡೆ ತಿರುಗಿತು. ಇನ್ನು ತಡೆಯಲಾಗಲಿಲ್ಲ. ಮಗುವನ್ನು ಹೊರಗೆ ಆಡಲು ಕಳಿಸಿ ಎಲ್ಲ ಹೇಳಿದೆ.

ಗಂಗಕ್ಕ ಮಗು ಜಗ್ಗಿದ್ದ ಸೆರಗನ್ನು ಸರಿಮಾಡಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಈ ಕೂಸಿನ್ನ ತೊಟ್ಟಿಲಿಗೆ ಹಾಕಿದಾಗ ನಾ ಜೋಗುಳಾ ಹಾಡಲಿಲ್ಲ," ಅಂದರು. "ಫೋನಿನ್ಯಾಗ ಯಾರದೋ ಹಾಡು ಹಚ್ಚಿದ್ರು. ನೀನೂ ಅಲ್ಲೇ ನಿಂತಿದ್ದಿ."

ನಿಂತಿದ್ದೆ.

"ಮಂದಿ ಮುಂದ ನನ್ನ ದನಿ ತಗದಿ. ಮಂದಿ ಮುಂದಽ ಹೇಳು," ಅಂದರು. ಅದಕ್ಕೇ ಈ ಬರಹ. ಈ ಜನವರಿಯಲ್ಲಿ ನಾನೇ ಸಂಘದ ವೇದಿಕೆಯ ಮೇಲೆ ನಿಂತು ಇದನ್ನು ಓದುತ್ತೇನೆ. ಅವರು ಬರುತ್ತಾರೋ ಇಲ್ಲವೋ ತಿಳಿಯದು, ಕೇಳುವ ಅಧಿಕಾರ ನನಗಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಗಂಗಕ್ಕ ಒಂದೇ ಪ್ರಶ್ನೆ ಕೇಳಿದರು.

"ಹಂಗಾರ ಅವತ್ತು ನಾ ಹೆಂಗ ಹಾಡಾಕತ್ತಿದ್ದೆ, ಯಾರಿಗೂ ಗೊತ್ತಿಲ್ಲನು?"

ನನಗೆ ಗೊತ್ತಿತ್ತು. ಹೊರಗೆ ದನಿ ನಿಲ್ಲಿಸಿದರೂ ಮಿಕ್ಸರಿನ ಮುಂದೆ ಕೂತವರ ಹೆಡ್‌ಫೋನಿನಲ್ಲಿ ಅದು ಕೇಳುತ್ತದೆ. ಗಂಟಲು ಒಡೆಯುವವರೆಗಿನ ಒಂದೊಂದು ಸಾಲನ್ನೂ ನಾನೊಬ್ಬಳೇ ಕೇಳಿದ್ದೆ. ಯಾವ ವರ್ಷವೂ ಅವರು ಅಷ್ಟು ಚೆನ್ನಾಗಿ ಹಾಡಿರಲಿಲ್ಲ.